ಎಂಟನೆಯ ಹೆಜ್ಜೆ

ಶರಣವ್ವ ಬಿದ್ದದ್ದು ೨೦೩೯ರ ಮಾರ್ಚ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ತನ್ನದೇ ರೊಟ್ಟಿ ಮನೆಯ ಹೊಸ್ತಿಲ ಹತ್ತಿರ. ಕೈಯಲ್ಲಿ ಆಗಷ್ಟೇ ಹಂಚಿನಿಂದ ಇಳಿಸಿದ ರೊಟ್ಟಿಗಳ ಬುಟ್ಟಿ ಇತ್ತು. ನಡೆಯುತ್ತಿದ್ದವಳ ಬಲಗಾಲು ಇದ್ದಕ್ಕಿದ್ದಂತೆ ಕಂಬದ ಹಾಗೆ ನಿಂತುಬಿಟ್ಟಿತು. ಮೈ ಮಾತ್ರ ಮುಂದಕ್ಕೆ ಹೋಯಿತು. ಬುಟ್ಟಿ ಹಾರಿ ಓಣಿಗೆ ಬಿತ್ತು. ಅವಳ ಮೊಣಕೈ ಬಾಗಿಲ ಪಕ್ಕದ ಒಲೆಯ ಕಬ್ಬಿಣದ ಅಂಚಿಗೆ ತಾಗಿ ಅಂಗೈಯಗಲ ಸುಟ್ಟಿತು.

ಆ ಬಲಗಾಲು ತೊಡೆಯಿಂದ ಕೆಳಗೆ ಅವಳದಲ್ಲ. ಏಳು ವರ್ಷದ ಹಿಂದೆ ಗದಗ ರಸ್ತೆಯ ಬಸ್ ಅಪಘಾತದಲ್ಲಿ ಕಾಲು ಕಳೆದುಕೊಂಡ ಮೇಲೆ ಅವಳು ತೊಟ್ಟದ್ದು ಯಂತ್ರದ ಮೊಣಕಾಲು. ಅದನ್ನು ನಮ್ಮ ಕಡೆ ‘ನಡೆ’ ಎನ್ನುತ್ತಿದ್ದರು. ತೊಟ್ಟವರ ನಡಿಗೆಯನ್ನು ಒಂದು ವಾರ ಗಮನಿಸಿ, ಅವರಂತೆಯೇ ಮಡಚುವುದನ್ನೂ ಚಾಚುವುದನ್ನೂ ಕಲಿಯುವ ಕಾಲು ಅದು. ಅದರ ನಕ್ಷೆಯಾಗಲಿ ತಂತ್ರಾಂಶವಾಗಲಿ ಯಾವ ಕಂಪನಿಯ ಸ್ವತ್ತೂ ಅಲ್ಲ. ಹತ್ತಾರು ದೇಶಗಳ ಜನ ಸೇರಿ ಬರೆದು ಎಲ್ಲರಿಗೂ ತೆರೆದಿಟ್ಟದ್ದು. ಹುಬ್ಬಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲೇ ಅದನ್ನು ಜೋಡಿಸಿ ಕೊಡುತ್ತಿದ್ದರು. ಪೂರಾ ಮಡಚುವುದರಿಂದ ನೆಲದ ಮೇಲೆ ಕೂರಬಹುದಿತ್ತು. ಶರಣವ್ವನಿಗೆ ಬೇಕಾಗಿದ್ದದ್ದೂ ಅದೇ. ನಾಲ್ಕು ಹೆಂಗಸರನ್ನು ಜೊತೆಗಿಟ್ಟುಕೊಂಡು ಊರಿನ ಖಾನಾವಳಿಗಳಿಗೆಲ್ಲ ಜೋಳದ ರೊಟ್ಟಿ ಬಡಿದು ಕಳಿಸುತ್ತಿದ್ದ ಐವತ್ತೆಂಟರ ಗಟ್ಟಿ ಹೆಂಗಸು ಅವಳು.

ಸೊಸೆ ಕಸ್ತೂರಿ ಸುಟ್ಟ ಗಾಯಕ್ಕೆ ಮುಲಾಮು ಹಚ್ಚುತ್ತ ಕೇಳಿದಳು. “ಇದು ಎಷ್ಟನೇ ಸರ್ತಿ, ಅತ್ತಿ?”

“ಮೂರನೇದು.”

“ಮೊದಲಿನ ಎರಡು ನನಗ್ಯಾಕ ಹೇಳ್ಲಿಲ್ರಿ?”

“ಏನ್ ಹೇಳೂದು. ಎಡವಿದೆ ಅನ್ಕೊಂಡೆ. ವಯಸ್ಸಾತು, ಲಕ್ಷ್ಯ ಕಡಿಮಿ ಆತು ಅನ್ಕೊಂಡೆ.”

“ಎಡವಿದ್ರೇನು?”

ಶರಣವ್ವ ಆ ಕಾಲಿನ ಮೊಣಕಾಲು ಮುಟ್ಟಿ ನೋಡಿಕೊಂಡಳು. “ಇಲ್ಲ. ನಾ ಎಡವಲಿಲ್ಲ. ಕಾಲ ನನ್ನ ಮರತಂಗಾತು. ಒಂದು ಕ್ಷಣ ಅದಕ್ಕ ನಾ ಯಾರು ಅಂತ ಗೊತ್ತs ಇಲ್ಲದಂಗ.”

ಕಸ್ತೂರಿ ಧಾರವಾಡದ ಒಂದು ಸಂಶೋಧನಾಲಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಅವಳ ವಿಷಯವೇ ತಂತ್ರಾಂಶದ ತಪ್ಪುಗಳು: ಅವು ಹೇಗೆ ಹುಟ್ಟುತ್ತವೆ, ಯಾರ ಕಣ್ಣಿಗೆ ಬೀಳುತ್ತವೆ, ಯಾಕೆ ವರ್ಷಗಟ್ಟಲೆ ಉಳಿದುಬಿಡುತ್ತವೆ. ಅತ್ತೆಯ ಕಾಲಿನ ತಂತ್ರಾಂಶಕ್ಕೂ ಎಲ್ಲ ಮುಕ್ತ ತಂತ್ರಾಂಶಗಳಿಗೆ ಇರುವಂತೆ ಒಂದು ಇಶ್ಯೂ ಟ್ರ್ಯಾಕರ್ ಇತ್ತು. ಅದು ಬಳಸುವವರು ತಮ್ಮ ತೊಂದರೆ ಬರೆದುಹಾಕುವ, ಯಾರು ಬೇಕಾದರೂ ಓದಬಹುದಾದ ದೂರುಪಟ್ಟಿ. ಬರೆದವರ ಹೆಸರಿನ ಬದಲು ಒಂದು ಸಂಖ್ಯೆ ಇರುತ್ತದೆ. ತಂತ್ರಾಂಶ ನೋಡಿಕೊಳ್ಳುವ ಸ್ವಯಂಸೇವಕರು ಒಂದೊಂದನ್ನೇ ಪರೀಕ್ಷಿಸಿ, ತಪ್ಪು ಸಿಕ್ಕರೆ ತಿದ್ದುತ್ತಾರೆ, ಸಿಗದಿದ್ದರೆ ಮುಚ್ಚುತ್ತಾರೆ.

ಅಂದು ಮಧ್ಯಾಹ್ನ ಅವಳು ಆ ಪಟ್ಟಿಯಲ್ಲಿ ‘ಬಿದ್ದೆ’ ಎಂಬುದನ್ನು ಎಲ್ಲ ಭಾಷೆಗಳಲ್ಲೂ ಹುಡುಕಿದಳು. ಎರಡು ಸಾವಿರದ ಒಂಬೈನೂರ ಹದಿನಾಲ್ಕು ದೂರುಗಳು ಸಿಕ್ಕವು. ಕಾಲು ಗಟ್ಟಿಯಾಯಿತು. ಕಾಲು ನಿಂತುಹೋಯಿತು. ನನ್ನ ಕಾಲು ನನ್ನ ಗುರುತು ಮರೆಯಿತು ಎಂದು ಜಾವಾ ದ್ವೀಪದವರೊಬ್ಬರು ಬರೆದಿದ್ದರು. ಅವಳು ತೆರೆದು ನೋಡಿದ ಪ್ರತಿಯೊಂದರ ಕೆಳಗೂ ಒಂದೇ ಷರಾ: ‘ಪ್ರಯೋಗಶಾಲೆಯಲ್ಲಿ ಮರುಕಳಿಸಲಿಲ್ಲ. ಕಾಲಿನ ದಾಖಲೆಯಲ್ಲೂ ಏನೂ ಇಲ್ಲ. ಮುಚ್ಚಲಾಗಿದೆ.’

ಅದೇ ಪುಟದ ಮೇಲುಗಡೆ ಇನ್ನೊಂದು ಪ್ರಕಟಣೆ ಇತ್ತು. ತಂತ್ರಾಂಶದ ಒಂಬತ್ತನೆಯ ಆವೃತ್ತಿ ಇಪ್ಪತ್ತಾರು ದಿನಗಳಲ್ಲಿ ಬರುತ್ತದೆ. ಲೋಕದಲ್ಲಿರುವ ಎರಡು ಲಕ್ಷ ಕಾಲುಗಳಿಗೂ ತಾನಾಗಿ ಇಳಿಯುತ್ತದೆ. ಬ್ಯಾಟರಿ ಇನ್ನೂ ಹೆಚ್ಚು ಹೊತ್ತು ಬರುತ್ತದೆ.

ತಪ್ಪು ಯಾವುದೆಂದು ತಿಳಿಯದೆ ಅದರ ಮೇಲೆ ಹೊಸದನ್ನು ಹೇರಿದರೆ ಏನಾಗುತ್ತದೋ ಹೇಳುವಂತಿರಲಿಲ್ಲ.

*

“ಒಂದೊಂದs ಓದಿದ್ರ ಏನೂ ತಿಳಿಯೂದಿಲ್ರಿ ಮೇಡಂ,” ಎಂದಳು ಕಸ್ತೂರಿ ಮರುದಿನ. “ಎಲ್ಲಾ ಒಟ್ಟಿಗೆ ಇಟ್ಟು ನೋಡಬೇಕು. ಹೊತ್ತು, ಜಾಗ, ವಾರ, ಅವರು ಬಳಸಿದ ಮಾತು. ಮೂರು ಸಾವಿರ ಜನ ಒಂದs ಥರ ಎಡವೂದಿಲ್ಲ.”

ಸಂಶೋಧನಾಲಯದ ಮುಖ್ಯಸ್ಥೆ ಡಾಕ್ಟರ್ ಸಲೀಮಾ ಮುಲ್ಲಾ ಕನ್ನಡಕ ಹಣೆಗೇರಿಸಿ ಪರದೆ ನೋಡಿದರು. ಆ ಪಟ್ಟಿಗೆ ಬಾಗಿಲು ಒಂದಿತ್ತು, ಬೀಗವೂ ಇತ್ತು. ದಿನಕ್ಕೆ ಐವತ್ತಕ್ಕಿಂತ ಹೆಚ್ಚು ದೂರು ತೆರೆದರೆ ಪಟ್ಟಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆರು ವರ್ಷದ ಹಿಂದೆ ಯಾವುದೋ ದೇಶದ ಒಂದು ವಿಮಾ ಕಂಪನಿ ಇಡೀ ಪಟ್ಟಿಯನ್ನು ಯಂತ್ರದಿಂದ ಎತ್ತಿಕೊಂಡು, ಸಂಖ್ಯೆಗಳ ಹಿಂದಿನ ಮನುಷ್ಯರನ್ನು ಪತ್ತೆಹಚ್ಚಿ, ‘ನೀವು ಮೇಲಿಂದ ಮೇಲೆ ಬೀಳುವವರು’ ಎಂದು ವಿಮೆ ನಿರಾಕರಿಸಿತ್ತು. ಅಂದಿನಿಂದ ಈ ನಿಯಮ.

“ಎರಡು ದಿನದ ಕೆಲಸ,” ಎಂದ ವಿರೂಪಾಕ್ಷ. ಅವನು ಅದೇ ಸಂಶೋಧನಾಲಯದ ಹಿರಿಯ ಸಂಶೋಧಕ, ಚುರುಕು ಮನುಷ್ಯ. “ಅರವತ್ತು ಬ್ಯಾರೆ ಬ್ಯಾರೆ ಹೆಸರಿಲೆ ಒಳಗ ಹೋದ್ರಾತು. ಹೆಂಗಿದ್ರೂ ಎಲ್ಲಾರೂ ಓದೂ ಪಟ್ಟಿನs. ಕಳವೇನಲ್ಲ.”

“ಓದೂದು ಬ್ಯಾರೆ, ಹೊತ್ಕೊಂಡು ಹೋಗೂದು ಬ್ಯಾರೆ,” ಎಂದರು ಮುಲ್ಲಾ. “ಆದರ ಇಪ್ಪತ್ತೈದು ದಿನ ಅವ. ಕಸ್ತೂರಿ, ಇದು ನಿನ್ನ ಕೆಲಸ. ನಾಳೆ ಬಂದು ನೀನs ಹೇಳು.”

ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಬರುವಾಗ ಕಸ್ತೂರಿಗೆ ವಿರೂಪಾಕ್ಷನ ಮಾತೇ ಸರಿ ಎನಿಸತೊಡಗಿತ್ತು. ತಾನು ವಿಮಾ ಕಂಪನಿಯಲ್ಲ. ಒಳ್ಳೆಯದಕ್ಕೇ ಕೇಳುತ್ತಿರುವುದು. ಮನೆಗೆ ಬಂದವಳು ಮೊದಲು ಅತ್ತೆಯ ಬೀಳುವಿಕೆಯನ್ನಾದರೂ ಪಟ್ಟಿಗೆ ಸೇರಿಸೋಣವೆಂದು ಕಂಪ್ಯೂಟರ್ ತೆರೆದು ಬರೆಯತೊಡಗಿದಳು. ಹಿಟ್ಟಿನ ಡಬ್ಬಿ ಮುಚ್ಚಿಡುತ್ತಿದ್ದ ಶರಣವ್ವ ಬಂದು ನಿಂತು ನೋಡಿದಳು.

“ಏನ್ ಬರಿಯಾಕತ್ತಿ?”

“ನೀವು ಬಿದ್ದದ್ದು.”

“ನನ್ನ ಕೇಳಿದೇನು?”

ಕಸ್ತೂರಿಯ ಕೈ ನಿಂತಿತು. “ನಿಮ್ಮ ಒಳ್ಳೇದಕ್ಕs ಅಲ್ಲೇನ್ರಿ, ಅತ್ತಿ.”

“ಒಳ್ಳೇದಕ್ಕ ಇರಬಹುದು. ಬ್ಯಾಡ ಅನ್ನೂದಿಲ್ಲ ನಾನು. ಆದರ ಬಿದ್ದಾಕಿ ನಾನು, ನೋವು ತಿಂದಾಕಿ ನಾನು. ಊರಿಗೆ ಹೇಳೂ ಮುಂದ ಒಂದು ಮಾತು ಕೇಳಬೇಕಿಲ್ಲೋ?” ಸಿಟ್ಟಿರಲಿಲ್ಲ ಆ ದನಿಯಲ್ಲಿ. ಅವಳು ಪಕ್ಕದಲ್ಲೇ ಕೂತು, “ಈಗ ಬರಿ. ನಾ ಹೇಳ್ತೀನಿ, ನೀ ಬರಿ. ಎಡವಿದೆ ಅಂತ ಬರಿಬ್ಯಾಡ,” ಎಂದಳು.

ಮರುದಿನ ಕಸ್ತೂರಿ ವಿರೂಪಾಕ್ಷನಿಗೆ ಹೇಳಿದಳು. “ಕೇಳಿ ತಗೊಳ್ಳೋಣ.”

“ಅವ್ರು ಇಲ್ಲ ಅಂದ್ರ?”

“ಕೇಳೋದರ ಕೇಳೋಣ, ಸರ್. ಆಮ್ಯಾಲ ನೋಡೋಣ.”

*

ಪಟ್ಟಿಯ ಬೀಗದ ಕೈ ಇದ್ದದ್ದು ಡಕಾರ್ ನಗರದ ಕುಂಬಾ ಸಾರ್ ಎಂಬ ಹೆಂಗಸಿನ ಹತ್ತಿರ. ಆಫ್ರಿಕಾದ ಪಶ್ಚಿಮ ತುದಿಯ ಆ ಊರಿನಿಂದ ಒಂಬತ್ತು ವರ್ಷ ಆಕೆ ಆ ದೂರುಗಳನ್ನು ಸಂಬಳವಿಲ್ಲದೆ ನೋಡಿಕೊಂಡು ಬಂದಿದ್ದಳು. ಅವಳದೂ ಎಡಗಾಲು ಯಂತ್ರದ್ದೇ. ಅರ್ಜಿ ಹಾಕಿದ ಮೂರನೆಯ ದಿನ ಪರದೆಯ ಮೇಲೆ ಬಂದಳು. ಎತ್ತರದ ಮೈಕಟ್ಟು, ತಲೆಗೆ ಹಳದಿ ವಸ್ತ್ರ. ಅವಳ ಮಾತನ್ನು ಅನುವಾದದ ಯಂತ್ರ ಕನ್ನಡಕ್ಕೆ ತಂದು ಹೇಳುತ್ತಿತ್ತು.

“ನಿಮಗೆ ಏನು ಬೇಕೆಂದು ಬರೆದಿದ್ದೀರಿ. ಏನು ಬೇಡವೆಂದು ಬರೆದಿಲ್ಲ.”

ಕಸ್ತೂರಿ ಬೆರಳು ಮಡಚುತ್ತ ಎಣಿಸಿದಳು. “ಸಂಖ್ಯೆ ಬೇಡ. ಊರು ಬೇಡ, ದೇಶ ಸಾಕು. ಹೊತ್ತು, ವಾರ ಬೇಕು. ಅವರು ಬರೆದ ಮಾತು ಬೇಕು, ಆದರೆ ಅದರಲ್ಲಿ ಹೆಸರು ಬಂದಿದ್ದರೆ ನೀವೇ ಅಳಿಸಿ ಕೊಡಿ. ಕೆಲಸ ಮುಗಿದ ಮೇಲೆ ನಮ್ಮ ಹತ್ತಿರ ಏನೂ ಇಟ್ಟುಕೊಳ್ಳುವುದಿಲ್ಲ.”

“ಅದು ನಾನು ಕೊಡಬಹುದಾದ ಒಪ್ಪಿಗೆಯಲ್ಲ. ಬರೆದವರು ಕೊಡಬೇಕು.”

“ಹಾಗಾದರೆ ಎಲ್ಲರಿಗೂ ಪತ್ರ ಬರೆಯೋಣ. ಅವರವರ ಭಾಷೆಯಲ್ಲಿ. ನಾನು ಬರೆಯುತ್ತೇನೆ.”

ಕುಂಬಾ ಮೊದಲ ಸಲ ಮುಗುಳ್ನಕ್ಕಳು. “ಇದುವರೆಗೆ ಹನ್ನೊಂದು ವಿಶ್ವವಿದ್ಯಾಲಯಗಳು ಕೇಳಿವೆ. ಪತ್ರ ಬರೆಯುತ್ತೇನೆ ಎಂದವರು ನೀವೇ ಮೊದಲು. ಆದರೆ ಒಂದು ಮಾತು. ಆ ದೂರುಗಳಲ್ಲಿ ಹೆಚ್ಚಿನವನ್ನು ಪರೀಕ್ಷಿಸಿ ಮುಚ್ಚಿದ್ದು ನಾನೇ. ನಿಮಗೂ ಏನೂ ಸಿಗಲಾರದು.”

ಪತ್ರ ಚಿಕ್ಕದಾಗಿತ್ತು. ನಾನು ಇಂಥವಳು, ನನ್ನ ಅತ್ತೆಯೂ ಹೀಗೆ ಬಿದ್ದಳು, ನೀವು ಬರೆದದ್ದನ್ನು ಮಿಕ್ಕವರು ಬರೆದದ್ದರ ಜೊತೆ ಇಟ್ಟು ಓದಬಹುದೇ ಎಂದಷ್ಟೇ. ವಾರದೊಳಗೆ ಎರಡು ಸಾವಿರದ ಅರವತ್ತೊಂದು ಜನ ಆಗಲಿ ಎಂದರು. ಇನ್ನೂರಾ ಮೂರು ಜನ ಬೇಡ ಎಂದರು. ಮಿಕ್ಕವರು ಉತ್ತರ ಕೊಡಲಿಲ್ಲ.

“ಸುಮ್ಮನಿದ್ದವರು ಒಪ್ಪಿದಂಗs ಅಲ್ಲೇನ್ರಿ?” ಎಂದ ವಿರೂಪಾಕ್ಷ.

“ಅಲ್ಲ,” ಎಂದರು ಮುಲ್ಲಾ. “ಸುಮ್ಮನಿದ್ದವರನ್ನ ಒಪ್ಪಿದಾರ ಅನ್ಕೊಂಡs ಎಷ್ಟೋ ಮಂದಿ ಎಷ್ಟೋ ಕೆಡಿಸ್ಯಾರ. ಇದ್ದಷ್ಟರಾಗ ಮಾಡ್ರಿ. ಎರಡು ಸಾವಿರ ಕಡಿಮಿ ಅಲ್ಲ.”

*

ಕಡಿಮೆಯಾಗಿರಲಿಲ್ಲ. ಎರಡೇ ದಿನದಲ್ಲಿ ಗೋಡೆಯ ಪರದೆಯ ಮೇಲೆ ಒಂದು ಆಕಾರ ಕಾಣಿಸಿತು. ಹಲವು ದೇಶಗಳಲ್ಲಿ ಶುಕ್ರವಾರ ಮಧ್ಯಾಹ್ನ ಬಿದ್ದವರು ಹೆಚ್ಚು. ಭಾರತದಲ್ಲಿ ಮದುವೆಯ ತಿಂಗಳುಗಳಲ್ಲಿ ಹೆಚ್ಚು. ಥಾಯ್ಲೆಂಡಿನಲ್ಲಿ ಹುಣ್ಣಿಮೆಯ ದಿನ. ಯುರೋಪು, ಅಮೆರಿಕದಲ್ಲಿ ಇಂಥ ದೂರು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

“ಗದ್ದಲ,” ಎಂದ ವಿರೂಪಾಕ್ಷ. “ಜನ ಎಲ್ಲಿ ಕೂಡತಾರ ಅಲ್ಲಿ ಬೀಳತಾರ. ಸಾವಿರ ಫೋನ್ ಒಂದs ಕಡೆ. ಆ ಸಿಗ್ನಲ್ ಕಾಲಿಗೆ ಅಡ್ಡ ಬರ್ತದ.”

ಒಳ್ಳೆಯ ಊಹೆಯೇ. ವರ್ಕ್‌ಶಾಪಿನಿಂದ ಒಂದು ಕಾಲು ತಂದು, ಸುತ್ತಲೂ ನೂರು ಫೋನ್ ಇಟ್ಟು ಮೂರು ದಿನ ನಡೆಸಿದರು. ಕಾಲು ಒಮ್ಮೆಯೂ ತಪ್ಪಲಿಲ್ಲ. ಬಿಸಿಲಿನಲ್ಲಿಟ್ಟರು, ತಣ್ಣಗಿಟ್ಟರು, ಬ್ಯಾಟರಿ ಇಳಿಸಿ ನೋಡಿದರು. ವಿರೂಪಾಕ್ಷ ತನ್ನದೇ ಮೊಣಕಾಲನ್ನು ಹಿಂದಕ್ಕೆ ಮಡಚಿ ಪಟ್ಟಿಯಿಂದ ಬಿಗಿದುಕೊಂಡು ಆ ಕಾಲಿನ ಮೇಲೆ ಕಾರಿಡಾರಿನ ಉದ್ದಕ್ಕೂ ಕುಂಟಿದ. ಏನೂ ಆಗಲಿಲ್ಲ. ಹತ್ತು ದಿನ ಉಳಿದವು.

ಶನಿವಾರ ರೊಟ್ಟಿ ಮನೆಯ ಒಬ್ಬ ಹೆಂಗಸು ಬಂದಿರಲಿಲ್ಲ. ಬೇಡಿಕೆ ಹೆಚ್ಚಿತ್ತು. ಶರಣವ್ವ ಕೂಗಿದಳು: “ಕಸ್ತೂರಿ, ಹಂಚಿನ ಮುಂದ ಕೂಡು ಬಾ. ನೀ ಬರೀ ಹೊಳ್ಳಿಸು, ಬಡಿಯೂದು ನಮಗಿರಲಿ.”

ಕಸ್ತೂರಿ ಈ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ರೊಟ್ಟಿ ಎಣಿಸಿ ಕಟ್ಟಿದ್ದಳು, ಬುಟ್ಟಿ ಹೊತ್ತಿದ್ದಳು. ಆ ಸಾಲಿನಲ್ಲಿ ಕೂತಿರಲಿಲ್ಲ. ಮನೆಯಲ್ಲಿ ಅವಳ ಊಟವೂ ಮೇಜಿನ ಮೇಲೆ ಕಂಪ್ಯೂಟರ್ ಪಕ್ಕ. ಈಗ ನೆಲಕ್ಕೆ ಕೂತು, ಬೇಯುತ್ತಿದ್ದ ರೊಟ್ಟಿಗೆ ಬಟ್ಟೆಯಿಂದ ನೀರು ಸವರುತ್ತ ಎದುರಿಗಿದ್ದ ಅತ್ತೆಯನ್ನು ನೋಡಿದಳು. ಶರಣವ್ವ ಎರಡೂ ಕಾಲು ಮಡಚಿ ಕೂತಿದ್ದಳು. ಒಲೆಯ ಝಳಕ್ಕೆ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿದ್ದಳು. ಕೈ ಒಂದೇ ಲಯದಲ್ಲಿ ಹಿಟ್ಟಿನ ಮೇಲೆ ಬೀಳುತ್ತಿತ್ತು. ಟಪ್ ಟಪ್ ಟಪ್ ಎಂದು ಹಲಗೆಯೂ ನೆಲವೂ ಮಡಚಿದ ಕಾಲೂ ಒಟ್ಟಿಗೆ ಅದುರುತ್ತಿದ್ದವು. ಯಂತ್ರದ ಮೊಣಕಾಲಿನ ಪಕ್ಕ ಸಾಸಿವೆಯಷ್ಟು ದೊಡ್ಡ ಹಸಿರು ದೀಪ ಉರಿಯುತ್ತಿತ್ತು.

ಸುಮಾರು ಇಪ್ಪತ್ತು ನಿಮಿಷ ಕಳೆದಿರಬೇಕು. ಕಸ್ತೂರಿ ನೋಡುತ್ತಿದ್ದಂತೆ ಆ ದೀಪ ಆರಿತು.

ಅವಳು ಆ ದೀಪ ಆರಿದ್ದನ್ನು ಮೊದಲೂ ನೋಡಿದ್ದಳು. ಅತ್ತೆ ಸ್ನಾನಕ್ಕೆ ಹೋಗುವಾಗ ಕಾಲು ಕಳಚಿ, ಮಡಚಿ ಅದರ ಪೆಟ್ಟಿಗೆಯಲ್ಲಿಟ್ಟಾಗ.

“ಅತ್ತಿ, ಏಳಬ್ಯಾಡ್ರಿ.”

“ಯಾಕ? ಬುಟ್ಟಿ ತುಂಬೇತಿ.”

“ಕೂತs ಇರ್ರಿ. ನಾ ಬಂದು ಹಿಡಿತೀನಿ, ಆಮ್ಯಾಲ ಏಳ್ರಿ.” ಒಲೆ ದಾಟಿ ಬಂದು ಅತ್ತೆಯ ಸೊಂಟ ಬಳಸಿ ಎಬ್ಬಿಸಿದಳು. ಇಬ್ಬರೂ ಬಾಗಿಲಿನತ್ತ ನಡೆದರು. ಕಸ್ತೂರಿ ಹೆಜ್ಜೆ ಎಣಿಸುತ್ತಿದ್ದಳು. ಏಳರವರೆಗೆ ಏನೂ ಇಲ್ಲ. ಎಂಟನೆಯದಕ್ಕೆ ಬಲಗಾಲು ಸೆಟೆದು ನಿಂತಿತು. ಶರಣವ್ವನ ಭಾರವೆಲ್ಲ ಸೊಸೆಯ ತೋಳಿಗೆ ಬಂತು. ಅರೆಕ್ಷಣದ ನಂತರ ಕಾಲು ಸಡಿಲವಾಯಿತು.

“ಇದs,” ಎಂದಳು ಶರಣವ್ವ ನಿಧಾನವಾಗಿ. “ಇದs ನೋಡು.”

*

ಕಾಲನ್ನು ಮೊದಲು ರೂಪಿಸಿದವರು ಕುರ್ಚಿಯ ಮೇಲೆ ಕೂರುವವರು. ಕುರ್ಚಿಯಲ್ಲಿ ಕೂತರೆ ಮೊಣಕಾಲು ಅರ್ಧ ಮಡಚುತ್ತದೆ. ಅದು ತಂತ್ರಾಂಶಕ್ಕೆ ಗೊತ್ತಿತ್ತು. ಪೂರಾ ಮಡಚುವುದನ್ನು ಅವರು ಸೇರಿಸಿದ್ದು ಕಾಲು ಪೆಟ್ಟಿಗೆಯಲ್ಲಿ ಹಿಡಿಯಲೆಂದು. ಆದ್ದರಿಂದ ಮೊಣಕಾಲು ಪೂರಾ ಮಡಚಿ ಇಪ್ಪತ್ತು ನಿಮಿಷ ಹಾಗೇ ಇದ್ದರೆ ಯಂತ್ರದ ಲೆಕ್ಕದಲ್ಲಿ ಅದು ಪೆಟ್ಟಿಗೆ ಸೇರಿತೆಂದೇ ಅರ್ಥ. ಒಂದೇ ಲಯದ ಅದುರುವಿಕೆ ಇದ್ದರೂ ಅದು ಕದಲಿಕೆಯಲ್ಲ. ಪೆಟ್ಟಿಗೆ ಯಾವುದೋ ಲಾರಿಯಲ್ಲಿ ಪ್ರಯಾಣ ಮಾಡುತ್ತಿದೆ ಎಂದು ಅದು ತಿಳಿಯುತ್ತಿತ್ತು. ಆಗ ಅದು ನಿದ್ದೆ ಹೋಗುತ್ತಿತ್ತು. ಎದ್ದ ಮೇಲೆ ಮೊದಲ ಏಳು ಹೆಜ್ಜೆ ಹಳೆಯ ನೆನಪಿನಲ್ಲಿ ನಡೆದು, ಎಂಟನೆಯದಕ್ಕೆ ಒಮ್ಮೆ ಬಿಗಿದು ನಿಂತು, ತೊಟ್ಟವರು ಯಾರೆಂದು ಹೊಸದಾಗಿ ನೋಡುತ್ತಿತ್ತು. ಪೆಟ್ಟಿಗೆಯಿಂದ ತೆಗೆದು ತೊಟ್ಟಾಗ ಗೋಡೆ ಹಿಡಿದು ಹತ್ತು ಹೆಜ್ಜೆ ನಡೆಯಿರಿ ಎಂದು ಕೈಪಿಡಿಯಲ್ಲೇ ಇತ್ತು. ಊಟ ಮಾಡಿ ಎದ್ದವರು ಯಾಕೆ ಗೋಡೆ ಹಿಡಿಯುತ್ತಾರೆ? ನಿದ್ದೆಯಿಂದ ಏಳುವಾಗ ಅದು ಹಳೆಯ ದಾಖಲೆಯನ್ನೂ ಅಳಿಸಿಕೊಳ್ಳುತ್ತಿತ್ತು. ಅದಕ್ಕೇ ಯಾರ ಕಾಲಿನಲ್ಲೂ ಸಾಕ್ಷಿ ಸಿಕ್ಕಿರಲಿಲ್ಲ.

ಕಸ್ತೂರಿ ಎರಡು ಸಾವಿರದ ಅರವತ್ತೊಂದು ದೂರುಗಳನ್ನು ಯಂತ್ರದಿಂದ ಮತ್ತೆ ಓದಿಸಿದಳು. ನೆಲದ ಮೇಲೆ ಕೂತಿದ್ದೆ ಎಂದು ಬರೆದವರು ಹದಿನೇಳೇ ಜನ. ಕೂರುವುದು ಯಾರಿಗೂ ಹೇಳಬೇಕಾದ ಸಂಗತಿಯಾಗಿರಲಿಲ್ಲ. ಆದರೆ ಮಾತಿನ ಅಂಚಿನಲ್ಲಿ ಅದು ಇತ್ತು: ಪಂಕ್ತಿಯಲ್ಲಿ ಉಂಡು ಕೈತೊಳೆಯಲು ಹೋಗುವಾಗ, ಶುಕ್ರವಾರದ ಪ್ರವಚನ ಕೇಳಿ ಹೊರಬರುವಾಗ, ಕಾಯಿಪಲ್ಲೆ ಮಾರಿ ಮನೆಗೆ ಹೊರಟಾಗ, ಬುದ್ಧನ ಗುಡಿಯಲ್ಲಿ, ಮಗುವಿಗೆ ಎಣ್ಣೆ ಹಚ್ಚಿದ ಮೇಲೆ. ಸಾವಿರದ ಏಳುನೂರಕ್ಕೂ ಹೆಚ್ಚು ದೂರುಗಳಲ್ಲಿ ಇಂಥದೊಂದು ತುಣುಕು.

ಹೊಸ ಆವೃತ್ತಿಯನ್ನು ತೆರೆದು ನೋಡಿದ ವಿರೂಪಾಕ್ಷನ ಮುಖ ಕಪ್ಪಿಟ್ಟಿತು. ಬ್ಯಾಟರಿ ಉಳಿಸಲೆಂದು ಇಪ್ಪತ್ತು ನಿಮಿಷವನ್ನು ನಾಲ್ಕಕ್ಕೆ ಇಳಿಸಿದ್ದರು.

“ನಾಲ್ಕು ನಿಮಿಷ,” ಎಂದ. “ಒಂದು ಊಟಕ್ಕ ಕೂತೆದ್ರ ಸಾಕು.”

*

ಕುಂಬಾ ನಂಬಲಿಲ್ಲ. ಅಥವಾ ನಂಬಿದರೂ ಅವಳೊಬ್ಬಳ ಕೈಯಲ್ಲಿರಲಿಲ್ಲ. ಆವೃತ್ತಿ ತಡೆಯಬೇಕಾದರೆ ದೋಷವನ್ನು ಎಲ್ಲರ ಕಣ್ಣೆದುರು ಮರುಕಳಿಸಿ ತೋರಿಸಬೇಕೆಂಬುದು ಆ ಗುಂಪಿನ ನಿಯಮ. ಮೂರು ದಿನ ಉಳಿದಿರುವಾಗ ಧಾರವಾಡದ ಸಂಶೋಧನಾಲಯದಲ್ಲಿ ಪರೀಕ್ಷೆ ಏರ್ಪಾಡಾಯಿತು. ಪರದೆಯ ಮೇಲೆ ಏಳು ದೇಶಗಳ ಹದಿನಾಲ್ಕು ಮುಖಗಳು, ನಡುವೆ ಕುಂಬಾ. ಸೂರಿಗೆ ಉದ್ದಕ್ಕೂ ಒಂದು ಕಂಬಿ ಹಾಕಿ, ಅದಕ್ಕೆ ಪರ್ವತ ಹತ್ತುವವರ ಹಗ್ಗ ಕಟ್ಟಿದ್ದರು. ಬಿದ್ದರೂ ಹಗ್ಗ ಹಿಡಿಯುತ್ತದೆ.

ಶರಣವ್ವನಿಗೆ ಕಸ್ತೂರಿ ಎಲ್ಲವನ್ನೂ ಮೊದಲೇ ಹೇಳಿದ್ದಳು. “ಬೇಕಂತs ಬೀಳಬೇಕಾಗ್ತದ್ರಿ ಅತ್ತಿ. ಒಲ್ಲೆ ಅಂದ್ರೂ ನಡೀತದ.”

“ಮೂರು ಸರ್ತಿ ಪುಕ್ಕಟೆ ಬಿದ್ದೀನಿ. ಈ ಸರ್ತಿ ಕೆಲಸಕ್ಕರ ಬರಲಿ.”

ಅವಳು ಇಳಕಲ್ ಸೀರೆಯುಟ್ಟು, ಭುಜಕ್ಕೂ ತೊಡೆಗೂ ಪಟ್ಟಿ ಬಿಗಿಸಿಕೊಂಡು ನೆಲಕ್ಕೆ ಕೂತಳು. ಇಪ್ಪತ್ತು ನಿಮಿಷವಾಯಿತು. ಎದ್ದು ನಡೆದಳು. ಎಂಟು ಹೆಜ್ಜೆ, ಹತ್ತು ಹೆಜ್ಜೆ, ಕಂಬಿಯ ಕೊನೆಯವರೆಗೂ ಹೋಗಿ ತಿರುಗಿ ನಿಂತಳು. ಏನೂ ಆಗಲಿಲ್ಲ.

ಪರದೆಯ ಮೇಲೆ ಒಬ್ಬ ಗಡ್ಡದವನು ಗಡಿಯಾರ ನೋಡಿಕೊಂಡ. ಕುಂಬಾ ಏನೋ ಹೇಳಿದಳು, ಯಂತ್ರ ನುಡಿಯಿತು: “ವಿಷಾದಿಸುತ್ತೇನೆ. ಇದನ್ನೂ ಮರುಕಳಿಸಲಿಲ್ಲ ಎಂದೇ ಬರೆಯಬೇಕಾಗುತ್ತದೆ.”

“ಏನಂತಾಳ ಆಕಿ? ಪುಸ್ತಕ ಓದಿದಂಗ ಮಾತಾಡ್ತಾಳ,” ಎಂದಳು ಶರಣವ್ವ.

“ಆಗಲಿಲ್ಲ ಅಂತಾರ.”

“ಹೆಂಗ ಆಗ್ತದ? ಹದಿನಾಲ್ಕು ಮಂದಿ ನೋಡಾಕತ್ತಾರ, ನಾ ಮದುಮಗಳಂಗ ಕೂತು ಸೆರಗು ಸರಿಮಾಡ್ಕೊಂಡೆ, ಕಾಲು ಸರಿಮಾಡ್ಕೊಂಡೆ. ಸುಮ್ಮ ಕೂಡೂದು ನನಗ ಬರೂದಿಲ್ಲವ್ವ. ಹಿಟ್ಟು ತರಿಸು.”

ಮುಲ್ಲಾ ಕೇಳಿದರು, “ಏನು ತರಿಸಬೇಕಂತ?”

“ಜೋಳದ ಹಿಟ್ಟು, ಬಿಸಿನೀರು, ಹಲಗಿ. ಕೆಲಸ ಮಾಡ್ಕೋತ ಕೂತ್ರ ಕಾಲಿನ ನೆನಪs ಇರೂದಿಲ್ಲ. ದಿನಾ ನಡುನಡುವ ಏಳ್ತೀನಿ, ಗಡಿಬಿಡಿ ಇದ್ದ ದಿನ ಅಷ್ಟs ಕದಲೂದಿಲ್ಲ. ಆವಾಗs ಅದು ನನ್ನ ಮರೀತೈತಿ.”

ಹಿಟ್ಟು ಕ್ಯಾಂಟೀನಿನಿಂದ ಬಂತು. ನೀರನ್ನು ವಿರೂಪಾಕ್ಷ ಪ್ರಯೋಗಶಾಲೆಯ ಕೆಟಲಿನಲ್ಲೇ ಕಾಯಿಸಿ ತಂದ. ಶರಣವ್ವ ಕಲಸಿ, ನಾದಿ, ಬಡಿಯತೊಡಗಿದಳು. ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ಪರದೆಯ ಮೇಲಿನ ಮುಖಗಳು ಮೊದಲು ಕಾಲನ್ನು ನೋಡುತ್ತಿದ್ದವು, ಆಮೇಲೆ ಅವಳ ಕೈಯನ್ನು. ಐದು, ಆರು, ಹತ್ತು ರೊಟ್ಟಿಗಳು ಒದ್ದೆ ಬಟ್ಟೆಯ ಮೇಲೆ ಚಂದ್ರನಂತೆ ಬಿದ್ದವು. ಇಪ್ಪತ್ತನೆಯ ನಿಮಿಷಕ್ಕೆ ಕಸ್ತೂರಿ ಮಾತಾಡದೆ ಬೆರಳು ತೋರಿಸಿದಳು. ಹಸಿರು ದೀಪ ಆರಿತ್ತು.

“ಏಳ್ರಿ, ಅತ್ತಿ.”

ಶರಣವ್ವ ಎದ್ದಳು. ಹೆಜ್ಜೆಯನ್ನು ಮುಲ್ಲಾ ಗಟ್ಟಿಯಾಗಿ ಎಣಿಸಿದರು. ಎಂಟಕ್ಕೆ ಕಾಲು ಸೆಟೆಯಿತು. ಮೈ ಮುಂದಕ್ಕೆ ಹೋಯಿತು, ಹಗ್ಗ ಬಿಗಿಯಿತು, ಶರಣವ್ವ ನೆಲಕ್ಕೆ ಒಂದು ಗೇಣು ಮೇಲೆ ಓರೆಯಾಗಿ ತೂಗಾಡಿದಳು. ಹಿಟ್ಟಿನ ಕೈ ಎತ್ತಿ ಪರದೆಯತ್ತ ತಿರುಗಿ ಕೇಳಿದಳು.

“ಎಲ್ಲಾರೂ ನೋಡಿದ್ರಿಲ್ಲೋ? ಇನ್ನೊಮ್ಮೆ ಬೇಕಾದ್ರ ಈಗs ಹೇಳ್ರಿ. ಇಳಿಸಿಕೊಂಡ ಮ್ಯಾಲ ನಾ ಮನಿಗೆ ಹೋಗಾಕಿ.”

ಗಡ್ಡದವನು ಇನ್ನೊಮ್ಮೆ ಬೇಕೆಂದ. ಅವಳು ಇನ್ನೊಂದು ಹತ್ತು ರೊಟ್ಟಿ ಬಡಿದಳು. ಎಂಟನೆಯ ಹೆಜ್ಜೆಗೇ ಬಿದ್ದಳು. ಆ ಮೇಲೆ ಯಾರೂ ಏನೂ ಕೇಳಲಿಲ್ಲ. ಆವೃತ್ತಿಯನ್ನು ತಡೆಹಿಡಿಯುವ ನಿರ್ಧಾರಕ್ಕೆ ಹದಿನಾಲ್ಕು ಕೈಗಳೂ ಎದ್ದವು.

ಎಲ್ಲರೂ ಹೋದ ಮೇಲೆ ಕುಂಬಾ ಒಬ್ಬಳೇ ಪರದೆಯ ಮೇಲೆ ಉಳಿದಳು.

“ನಾಲ್ಕು ವರ್ಷದ ಹಿಂದೆ ನನ್ನ ತಂಗಿಯ ಮದುವೆಯ ಊಟದಲ್ಲಿ ನಾನು ಬಿದ್ದೆ,” ಎಂದಳು. “ಒಂದು ದೊಡ್ಡ ತಟ್ಟೆಯ ಸುತ್ತ ಎಲ್ಲರೂ ನೆಲದ ಮೇಲೆ ಕೂತು ಉಣ್ಣುತ್ತೇವೆ. ಎದ್ದು ಹೋಗುವಾಗ ಎಲ್ಲರೆದುರು ಬಿದ್ದೆ. ದೂರು ಬರೆದೆ. ನಾನೇ ಪರೀಕ್ಷಿಸಿದೆ, ಮೇಜಿನ ಮುಂದೆ ಕುರ್ಚಿಯಲ್ಲಿ ಕೂತು. ಮರುಕಳಿಸಲಿಲ್ಲ. ನನ್ನ ದೂರನ್ನು ನಾನೇ ಮುಚ್ಚಿದೆ. ಅಂದಿನಿಂದ ಆ ತಟ್ಟೆಯ ಸುತ್ತ ನಾನು ಕೂತಿಲ್ಲ.”

ಪಟ್ಟಿ ಬಿಚ್ಚಿಸಿಕೊಳ್ಳುತ್ತಿದ್ದ ಶರಣವ್ವ ಅನುವಾದ ಕೇಳಿಸಿಕೊಂಡು ತಲೆಯೆತ್ತಿದಳು.

“ನಾನೂ ಎಡವಿದೆ ಅಂತs ಅನ್ಕೊಂಡಿದ್ದೆ ತಂಗಿ. ನಾವು ಹಂಗs. ಬ್ಯಾರೆಯವರ ತಪ್ಪಾದ್ರೂ ಮೊದಲು ನಮ್ಮ ಕಾಲs ನೋಡ್ಕೋತೀವಿ.”

*

ತಿದ್ದುಪಡಿ ಮೂರು ಸಾಲಿನದು. ಬ್ಯಾಟರಿ ಕಾದರೆ ತಿಳಿಯಲೆಂದು ಕಾಲಿನಲ್ಲಿ ಮೊದಲೇ ಒಂದು ಶಾಖಮಾಪಕ ಇತ್ತು. ವಿರೂಪಾಕ್ಷ ಅದರ ಮಾತು ಕೇಳುವಂತೆ ಬರೆದ: ಮೊಣಕಾಲು ಎಷ್ಟೇ ಮಡಚಿರಲಿ, ತೊಡೆಯ ಬಿಸಿ ತಾಗುತ್ತಿರುವವರೆಗೆ ನಿದ್ದೆ ಹೋಗಬಾರದು. ಡಕಾರಿನಲ್ಲೂ ಜಾವಾದಲ್ಲೂ ಹುಬ್ಬಳ್ಳಿಯಲ್ಲೂ ಜನ ನೆಲದ ಮೇಲೆ ಗಂಟೆಗಟ್ಟಲೆ ಕೂತು ಎದ್ದು ನಡೆದು ನೋಡಿದರು. ಒಂದು ತಿಂಗಳು ತಡವಾಗಿ ಒಂಬತ್ತನೆಯ ಆವೃತ್ತಿ ಎರಡು ಲಕ್ಷ ಕಾಲುಗಳಿಗೆ ಇಳಿಯಿತು.

ಕುಂಬಾ ಮುಚ್ಚಿದ್ದ ದೂರುಗಳನ್ನೆಲ್ಲ ಮತ್ತೆ ತೆರೆದಳು. ಒಂದೇ ಗುಂಡಿ ಒತ್ತಿದರೆ ಎಲ್ಲವೂ ತೆರೆಯುತ್ತಿದ್ದವು. ಅವಳು ಒಂದೊಂದನ್ನೇ ತೆರೆದು, ಒಬ್ಬೊಬ್ಬರಿಗೇ ಬರೆದಳು: ತಪ್ಪು ಕಾಲಿನದು, ನಿಮ್ಮದಲ್ಲ. ನೀವು ಹೇಳಿದ್ದು ನಿಜವಾಗಿತ್ತು. ಅದಕ್ಕೆ ಏಳು ವಾರ ಹಿಡಿಯಿತು. ಹೊಸ ದೂರು ಬರೆಯುವ ಪುಟಕ್ಕೆ ಒಂದು ಪ್ರಶ್ನೆಯೂ ಸೇರಿತು: ‘ಅದಕ್ಕೆ ಮುಂಚೆ ನೀವು ಏನು ಮಾಡುತ್ತಿದ್ದಿರಿ?’

ಕಸ್ತೂರಿ ಪ್ರಬಂಧ ಬರೆಯಲು ಕೂತಿದ್ದ ದಿನಗಳಲ್ಲಿ ಕುಂಬಾಳ ಮೂಲಕ ಅವಳಿಗೊಂದು ಓಲೆ ಬಂತು. ಉಜ್ಬೆಕ್ ಭಾಷೆಯದು. ಬರೆದವನು ಬೇಡ ಎಂದಿದ್ದ ಇನ್ನೂರಾ ಮೂರು ಜನರಲ್ಲಿ ಒಬ್ಬ.

‘ನನ್ನ ದೂರನ್ನು ನೀವು ಬಳಸಕೂಡದೆಂದು ನಾನು ಹೇಳಿದ್ದೆ. ಹಿಂದೆ ಒಮ್ಮೆ ಅದನ್ನು ಕದ್ದವರಿಂದ ನನಗೆ ವಿಮೆ ತಪ್ಪಿ, ಅದರಿಂದ ಕೆಲಸವೂ ಹೋಗಿತ್ತು. ಈಗ ನನ್ನ ಕಾಲು ಸರಿಯಾಗಿದೆ. ನಾನು ಏನೂ ಕೊಟ್ಟಿಲ್ಲ. ನನಗೇಕೆ ಇದು ಬಂತು? ನನ್ನದನ್ನು ಓದಿಬಿಟ್ಟಿರಾ?’

ಕಸ್ತೂರಿ ಅದನ್ನು ಎರಡು ಸಲ ಓದಿದಳು. ಉತ್ತರ ಬರೆದಳು.

‘ಇಲ್ಲ. ನಿಮ್ಮ ದೂರನ್ನು ನಾವು ತೆರೆಯಲಿಲ್ಲ. ನಮ್ಮ ಲೆಕ್ಕದಲ್ಲಿ ನೀವು ಇಲ್ಲ. ಒಪ್ಪಿದವರು ಹೇಳಿದ್ದರಿಂದಲೇ ತಪ್ಪು ಸಿಕ್ಕಿತು. ತಿದ್ದಿದ ಮೇಲೆ ಅದು ಎಲ್ಲ ಕಾಲಿಗೂ ಹೋಗಬೇಕು, ಕೊಟ್ಟವರದ್ದಕ್ಕೂ ಕೊಡದವರದ್ದಕ್ಕೂ. ನಿಮ್ಮ ಮಾತು ನಿಮ್ಮ ಹತ್ತಿರವೇ ಇದೆ.’

ಹನ್ನೆರಡು ದಿನ ಏನೂ ಬರಲಿಲ್ಲ. ಹದಿಮೂರನೆಯ ದಿನ ಬೆಳಿಗ್ಗೆ, ಸಂಶೋಧನಾಲಯದ ಕಿಟಕಿ ತೆರೆದು ಅವಳು ಕಂಪ್ಯೂಟರ್ ಹಚ್ಚಿದಾಗ ಎರಡನೆಯ ಓಲೆ ಕಾಯುತ್ತಿತ್ತು. ಇದು ಉದ್ದವಾಗಿತ್ತು, ಮೂರು ಪುಟದಷ್ಟು. ಮೊದಲ ಸಾಲು ಹೀಗಿತ್ತು:

‘ಹಾಗಿದ್ದರೆ ಈಗ ನನ್ನದನ್ನೂ ಬರೆದುಕೊಳ್ಳಿ. ನಾನು ರತ್ನಗಂಬಳಿ ನೇಯುವವನು. ಅಂದು ಮಗ್ಗದ ಮುಂದೆ ಕೂತಿದ್ದೆ.’

ಕಸ್ತೂರಿ ಕುರ್ಚಿ ಹತ್ತಿರಕ್ಕೆಳೆದುಕೊಂಡು ಓದತೊಡಗಿದಳು.